ಮೋಟಾರಿಗೆ ಅಂಜುವ ನಾಯಿ

ಮಹಾಭಾರತದ ಮಹಾಪ್ರಸ್ಥಾನ ಪರ್ವದಲ್ಲಿ ಒಂದು ಪ್ರಸಂಗವಿದೆ. ದ್ರೌಪದಿಯೂ ನಾಲ್ವರು ತಮ್ಮಂದಿರೂ ಒಬ್ಬೊಬ್ಬರಾಗಿ ದಾರಿಯಲ್ಲಿ ಬಿದ್ದ ಮೇಲೆ ಧರ್ಮರಾಯನ ಬೆನ್ನ ಹಿಂದೆ ಉಳಿಯುವುದು ಒಂದು ನಾಯಿ ಮಾತ್ರ. ಇಂದ್ರನು ರಥವನ್ನು ತಂದು ನಿಲ್ಲಿಸಿ ಏರೆಂದು ಕರೆಯುತ್ತಾನೆ. ನಾಯಿಯನ್ನು ಬಿಟ್ಟು ತಾನೊಬ್ಬನೇ ಏರಲಾರೆನೆಂದು ಧರ್ಮರಾಯನು ಹಟ ಹಿಡಿಯುತ್ತಾನೆ. ಇಬ್ಬರಿಗೂ ವಾದ ನಡೆಯುತ್ತದೆ. ಆದರೆ ಆ ನಾಯಿಗೆ ರಥವನ್ನೇರುವ ಮನಸ್ಸಿತ್ತೆ, ಇಲ್ಲವೆ ಎಂಬುದನ್ನು ಮಾತ್ರ ಇಬ್ಬರೂ ಕೇಳಿದಂತೆ ಕಾಣುವುದಿಲ್ಲ. ಅದು ನಾಯಿಯ ರೂಪದಲ್ಲಿದ್ದ ಯಮಧರ್ಮನಾದುದರಿಂದ ಮುಂದೆ ತೊಂದರೆಯಾಗಲಿಲ್ಲ. ನಮ್ಮ ಮನೆಯ ನಾಯಿ ಬರಿಯ ನಾಯಿ. ಆದುದರಿಂದ ನಮಗೆ ಬಹಳ ತೊಂದರೆಯಾಯಿತು.

ನಮ್ಮ ಊರು ಮಾಸೂರು. ಹಿರೇಕೆರೂರು ಸೀಮೆಯಲ್ಲಿ, ಕುಮುದ್ವತಿ ಹೊಳೆಗೆ ಕಟ್ಟಿದ ಮದಗದ ಕೆರೆಯ ನೆರೆಯಲ್ಲಿದೆ. ಸರ್ವಜ್ಞನ ತಂದೆಯ ಊರೆಂದು ಕನ್ನಡಿಗರು ಇದರ ಹೆಸರನ್ನು ಕೇಳಿರುತ್ತಾರೆ. ನಮ್ಮ ನಾಯಿಯ ಹೆಸರು ಕರಿಯ. ವಯಸ್ಸು ಐದು ವರ್ಷ. ಜಾತಿ ಯಾವುದೆಂದು ಕೇಳಿದವರಿಗೆ ‘ಮಾಸೂರಿನದು’ ಎಂದಷ್ಟೇ ಹೇಳಬೇಕು. ಮರಿಯಾಗಿದ್ದಾಗ ಅದನ್ನು ರಟ್ಟೀಹಳ್ಳಿಯಿಂದ ಬಾಯಿ ಕಟ್ಟಿದ ಗೋಣಿಚೀಲದಲ್ಲಿ, ಸರಕಿನ ಗಾಡಿಯ ಹಿಂಭಾಗದಲ್ಲಿ ಹಾಕಿ ತಂದಿದ್ದರು. ಆ ಮೇಲೆ ಅದು ಗಾಲಿಯಿರುವ ಯಾವ ವಾಹನವನ್ನೂ ಹತ್ತಿರಲಿಲ್ಲ. ಓಣಿ, ಹೊಲ, ಕೆರೆಯ ದಂಡೆ ಇಷ್ಟೇ ಅದರ ಲೋಕ.

ಕಳೆದ ವರ್ಷ ಅದರ ಎದೆಯ ಬಲಗಡೆ ಅಡಿಕೆಯಷ್ಟು ಗಂಟು ಕಾಣಿಸಿಕೊಂಡು ತಿಂಗಳೊಪ್ಪತ್ತಿನಲ್ಲಿ ನಿಂಬೆಹಣ್ಣಿನಷ್ಟಾಯಿತು. ಇದನ್ನು ಕೊಯ್ದು ತೆಗೆಸಬೇಕಾದೀತು, ಶಿವಮೊಗ್ಗೆಗೆ ಒಯ್ಯಿರಿ ಎಂದು ಇಲ್ಲಿನ ಪಶುವೈದ್ಯರು ಹೇಳಿದರು. ಕಾಕಾನ ಹತ್ತಿರ ಒಂದು ಸಣ್ಣ ಕಾರಿದೆ. ಒಂದು ಮುಂಜಾನೆ ಕರಿಯನಿಗೆ ಹೊಟ್ಟೆ ತುಂಬ ಹಾಲು ರೊಟ್ಟಿ ತಿನ್ನಿಸಿ ಹೊರಟೆವು. ಕಾರಿನ ಬಾಗಿಲ ಹತ್ತಿರ ಬಂದದ್ದೇ ತಡ, ಅದು ನಾಲ್ಕೂ ಕಾಲನ್ನು ನೆಲಕ್ಕೆ ಊರಿ ನಿಂತುಬಿಟ್ಟಿತು. ಕಾಕಾ, “ಎತ್ತಿ ಒಳಗ ಒಗೀರೋ, ಹತ್ತು ಮಾರು ಹೋದರ ತಾನ ಸುಮ್ಮನಾಕ್ಕೈತಿ” ಎಂದರು. ಮೂವರು ಹಿಡಿದು ಎತ್ತಿ ಒಳಗೆ ಹಾಕಿದೆವು.

ಅದು ಸುಮ್ಮನಾಗಲಿಲ್ಲ. ಬಾಗಿಲನ್ನು ಪರಚಿತು, ಜೊಲ್ಲು ಸುರಿಸಿತು, ಶಿಕಾರಿಪುರ ಬರುವ ಮೊದಲೇ ತಿಂದದ್ದನ್ನೆಲ್ಲ ಕಾರಿತು. ಶಿಕಾರಿಪುರದಲ್ಲಿ ಗಾಡಿ ನಿಲ್ಲಿಸಿ ಬಾಗಿಲು ತೆರೆದಾಗ ಹೊರಕ್ಕೆ ನೆಗೆಯಲು ನೋಡಿತು. ತಡೆಯಹೋದ ನನ್ನ ಮಣಿಕಟ್ಟನ್ನು ಕಚ್ಚಿತು. ಐದು ವರ್ಷದಲ್ಲಿ ಅದು ಮನೆಯವರ ಮೈಗೆ ಹಲ್ಲು ತಾಗಿಸಿದ್ದು ಅದೇ ಮೊದಲು. ಶಿವಮೊಗ್ಗೆಯನ್ನು ಮುಟ್ಟಿ ಒಂದು ತಾಸಾದರೂ ಅದರ ಏದುಸಿರು ಇಳಿಯಲಿಲ್ಲ. ವೈದ್ಯರು ಗಂಟನ್ನು ಮುಟ್ಟಿ ನೋಡಿ, ಇದು ವಾರದೊಳಗೆ ಕೊಯ್ಯಲೇಬೇಕಾದದ್ದಲ್ಲ, ಆದರೆ ಎರಡು ತಿಂಗಳಿಗಿಂತ ಹೆಚ್ಚು ಬಿಡಬೇಡಿ, ಈ ಸ್ಥಿತಿಯಲ್ಲಿರುವ ಪ್ರಾಣಿಗೆ ಅರಿವಳಿಕೆ ಕೊಡಲು ನನಗೆ ಧೈರ್ಯವಿಲ್ಲ ಎಂದರು. ನನ್ನ ಕೈಗೆ ಕಟ್ಟಿದ್ದ ಬಟ್ಟೆಯನ್ನು ಕಂಡು, ಮೊದಲು ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ತೆಗೆದುಕೊಳ್ಳಿ ಎಂದು ಗದರಿದರು. ಹೊರಡುವಾಗ ಅವರು ಆಡಿದ ಒಂದು ಮಾತು ಇವತ್ತಿಗೂ ನೆನಪಿದೆ: “ಈ ಸಲ ನೀವು ನಾಯಿಯನ್ನು ಹೊತ್ತುಕೊಂಡು ಬಂದಿದ್ದೀರಿ. ಮುಂದಿನ ಸಲ ಕರೆದುಕೊಂಡು ಬನ್ನಿ.”

ಹೊತ್ತು ತರುವುದಕ್ಕೂ ಕರೆದು ತರುವುದಕ್ಕೂ ಇರುವ ವ್ಯತ್ಯಾಸವೇ ಈ ಲೇಖನದ ವಿಷಯ. ಆ ಎರಡು ತಿಂಗಳಲ್ಲಿ ಓದಿ, ಕೇಳಿ, ಮಾಡಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಒಂದು ನಾಯಿಗಾಗಿ ಇಷ್ಟು ಪಾಡೇಕೆ ಎಂದು ಕೆಲವರು ಕೇಳಬಹುದು. ನಮ್ಮ ನಾಡಿನ ಹಿರಿಯರು ಹಾಗೆ ಕೇಳುತ್ತಿರಲಿಲ್ಲ. ಮದ್ದೂರು ಸೀಮೆಯ ಆತಕೂರಿನಲ್ಲಿ ಸುಮಾರು ಕ್ರಿ. ಶ. ೯೫೦ರಲ್ಲಿ ನಿಲ್ಲಿಸಿದ ಕಲ್ಲೊಂದು ದೊರೆತಿದೆ. ಈಗ ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು ಏನು ಬೇಕೆಂದು ಕೇಳಲು, ಅವನು ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿದನಂತೆ. ಆ ನಾಯಿ ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಸತ್ತಾಗ ಅದರ ನೆನಪಿಗೆ ಕಲ್ಲು ನಿಂತಿತು. ಇನ್ನು ನಮ್ಮ ಹಾವೇರಿ ಜಿಲ್ಲೆಯ ದೇವರಗುಡ್ಡಕ್ಕೆ ಹೋದವರು ಮಾಲತೇಶನ ಗೊರವಯ್ಯಗಳು ನಾಯಿಯಂತೆ ಬೊಗಳಿ ದೋಣಿಯಲ್ಲಿನ ಪ್ರಸಾದವನ್ನು ಸ್ವೀಕರಿಸುವುದನ್ನು ಕಂಡಿರುತ್ತಾರೆ. ದೇವರ ಬಾಗಿಲಲ್ಲಿ ನಾಯಿಯಾಗುವುದು ನಮ್ಮಲ್ಲಿ ಸೇವೆಯೇ ಹೊರತು ಅವಮಾನವಲ್ಲ.

ಭಾವನೆಯನ್ನು ಬಿಟ್ಟು ಲೆಕ್ಕವನ್ನೇ ನೋಡೋಣ. ಗಾಡಿ ಹತ್ತದ ನಾಯಿ ಆಸ್ಪತ್ರೆಯನ್ನು ಕಾಣುವುದಿಲ್ಲ. ಆಸ್ಪತ್ರೆ ಕಾಣದ ನಾಯಿಗೆ ವರ್ಷ ವರ್ಷದ ಹುಚ್ಚುರೋಗದ ಲಸಿಕೆ ತಪ್ಪಿಹೋಗುತ್ತದೆ. ಹುಚ್ಚುರೋಗದ ಲಕ್ಷಣಗಳು ಮನುಷ್ಯನಲ್ಲಿ ಒಮ್ಮೆ ಕಾಣಿಸಿಕೊಂಡವೆಂದರೆ ಸಾವು ಬಹುಮಟ್ಟಿಗೆ ನಿಶ್ಚಿತ. ಆದುದರಿಂದ ನಾಯಿಯ ಅಂಜಿಕೆ ನಾಯಿಯೊಂದರದೇ ಚಿಂತೆಯಲ್ಲ, ಓಣಿಯ ಮಕ್ಕಳದೂ ಹೌದು.

ಇನ್ನು ಅಂಜಿಕೆಯ ಕಾರಣಗಳನ್ನು ವಿಚಾರಿಸೋಣ. ಅವು ಮುಖ್ಯವಾಗಿ ಎರಡು: ಒಂದು ದೇಹದ್ದು, ಇನ್ನೊಂದು ಮನಸ್ಸಿನದು.

ನಮ್ಮ ಕಿವಿಯ ಒಳಭಾಗದಲ್ಲಿ ದ್ರವ ತುಂಬಿದ ಸಣ್ಣ ನಾಳಗಳಿವೆ. ತಲೆ ಯಾವ ಕಡೆಗೆ ತಿರುಗಿತು, ದೇಹ ಓಡುತ್ತಿದೆಯೋ ನಿಂತಿದೆಯೋ ಎಂಬ ವರದಿಯನ್ನು ಅವು ಮಿದುಳಿಗೆ ಕಳಿಸುತ್ತವೆ. ನಾಯಿಗೂ ಅಂಥವೇ ಇವೆ. ಗಾಡಿಯ ಒಳಗೆ ಕುಳಿತ ನಾಯಿಗೆ ಕಣ್ಣಿನ ಮುಂದೆ ಅಲುಗದ ಬೆಂಚು ಕಾಣುತ್ತದೆ; ಕಿವಿಯೋ ಓಡುತ್ತಿದ್ದೇವೆ, ತಿರುಗುತ್ತಿದ್ದೇವೆ ಎಂದು ಹೇಳುತ್ತದೆ. ಎರಡು ಸಾಕ್ಷಿಗಳೂ ಹೊಂದದೆ ಹೋದಾಗ ಹೊಟ್ಟೆ ತೊಳಸುತ್ತದೆ. ಮರಿಗಳಲ್ಲಿ ಈ ಬಾಧೆ ಹೆಚ್ಚು; ಬೆಳೆದಂತೆ ಬಹಳಷ್ಟು ನಾಯಿಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಆದರೆ ಹೊಟ್ಟೆ ತೊಳಸಿದ ನೆನಪು ಉಳಿದುಬಿಡುತ್ತದೆ. ಮುಂದೆ ಗಾಡಿ ಓಡುವ ಮೊದಲೇ, ಅದರ ವಾಸನೆ ಬಂದೊಡನೆಯೇ ಜೊಲ್ಲು ಸುರಿಯತೊಡಗುತ್ತದೆ.

ಮನಸ್ಸಿನ ಕಾರಣವನ್ನು ತಿಳಿಯಬೇಕಾದರೆ ನಾಯಿಯ ಕಡೆಯಿಂದ ನೋಡಬೇಕು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗಿನ ಸ್ವರ ಕೇಳಿದರೆ ನಾಯಿಯ ಕಿವಿಗೆ ಅದರ ಎರಡರಷ್ಟಕ್ಕೂ ಮೀರಿದ ಸ್ವರ ಕೇಳುತ್ತದೆ. ನಮಗೆ ಬರಿಯ ಗುರುಗುರು ಎನಿಸುವ ಯಂತ್ರದಲ್ಲಿ ಅದಕ್ಕೆ ಇನ್ನೂ ಎಷ್ಟೋ ಕೀರಲು ದನಿಗಳಿರಬಹುದು. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. ಮಾತ್ರವಲ್ಲ, ನಮ್ಮ ಹಳ್ಳಿಗಳಲ್ಲಿ ನಾಯಿಯೊಂದು ಗಾಡಿಯನ್ನು ಹತ್ತುವುದು ಸಾಮಾನ್ಯವಾಗಿ ಮೂರು ಸಂದರ್ಭಗಳಲ್ಲಿ: ತಾಯಿಯಿಂದ ಅಗಲಿಸಿ ಚೀಲದಲ್ಲಿ ತರುವಾಗ, ಸೂಜಿ ಚುಚ್ಚಿಸಲು ಒಯ್ಯುವಾಗ, ಬೇಡವಾದಾಗ ಊರಾಚೆ ಬಿಟ್ಟುಬರುವಾಗ. ಈ ಮೂರರಿಂದ ಅದು ಯಾವ ಪಾಠವನ್ನು ಕಲಿತೀತು?

ಇಂಥ ಪಾಠ ಹೇಗೆ ಕೂಡುತ್ತದೆಂಬುದನ್ನು ರಶಿಯದ ಇವಾನ್ ಪಾವ್ಲೋವ್ ತೋರಿಸಿಕೊಟ್ಟರು. ಜೀರ್ಣಕ್ರಿಯೆಯ ಸಂಶೋಧನೆಗಾಗಿ ೧೯೦೪ರಲ್ಲಿ ನೊಬೆಲ್ ಬಹುಮಾನ ಪಡೆದ ಈ ವಿಜ್ಞಾನಿ, ಆಹಾರಕ್ಕೆ ಮುಂಚೆ ಒಂದು ಸಂಕೇತವನ್ನು ಮೇಲಿಂದ ಮೇಲೆ ಕೊಟ್ಟರೆ ಮುಂದೆ ಆ ಸಂಕೇತಕ್ಕೇ ನಾಯಿಯ ಬಾಯಲ್ಲಿ ನೀರೂರುವುದನ್ನು ಕಂಡುಹಿಡಿದದ್ದು ಮನಃಶಾಸ್ತ್ರವನ್ನು ಓದಿದವರೆಲ್ಲರಿಗೂ ತಿಳಿದ ವಿಷಯ. ಆದರೆ ಅವರ ನಾಯಿಗಳ ಇನ್ನೊಂದು ಕಥೆ ಅಷ್ಟು ಪ್ರಸಿದ್ಧವಲ್ಲ. ೧೯೨೪ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡ್ ನಗರಕ್ಕೆ ಮಹಾಪೂರ ಬಂತು. ಪ್ರಯೋಗಶಾಲೆಯ ನಾಯಿಗಳಿದ್ದ ಗೂಡುಗಳಿಗೆ ನೀರು ನುಗ್ಗಿತು. ಗೂಡಿನ ಬಾಗಿಲುಗಳು ತಗ್ಗಿನಲ್ಲಿದ್ದುದರಿಂದ ನಾಯಿಗಳ ತಲೆಯನ್ನು ನೀರಿನಲ್ಲಿ ಅದುಮಿಯೇ ಹೊರಕ್ಕೆ ಎಳೆದು ಉಳಿಸಬೇಕಾಯಿತು. ಆ ಮೇಲೆ ನೋಡಿದರೆ, ಕೆಲವು ನಾಯಿಗಳು ಹಿಂದೆ ಕಲಿತದ್ದನ್ನೆಲ್ಲ ಮರೆತಿದ್ದವು. ತಾಳ್ಮೆಯಿಂದ ಮತ್ತೆ ಕಲಿಸಿದ ಮೇಲೂ, ಕೋಣೆಯ ಬಾಗಿಲ ಕೆಳಗೆ ಸ್ವಲ್ಪ ನೀರನ್ನು ಹರಿಯಬಿಟ್ಟರೆ ಸಾಕು, ಹಳೆಯ ಭಯ ಮರುಕಳಿಸುತ್ತಿತ್ತು. ಇದನ್ನು ಓದಿದಾಗ ನನಗೆ ಕಾಕಾನ ಕಾರಿನ ಬೀಗದ ಕೈ ನೆನಪಾಯಿತು. ಶಿವಮೊಗ್ಗೆಯಿಂದ ಬಂದ ಮೇಲೆ ಆ ಕೈ ಝಣ್ ಎಂದರೆ ಸಾಕು, ಕರಿಯ ಹಿತ್ತಲಿನ ಹುಲ್ಲಿನ ಬಣವೆಯ ಹಿಂದೆ ಮಾಯವಾಗುತ್ತಿತ್ತು.

ಭಯ ಹೇಗೆ ಅಂಟಿಕೊಳ್ಳುತ್ತದೆ ಎಂಬುದನ್ನು ಲೆನಿನ್‌ಗ್ರಾಡ್ ತೋರಿಸಿದ ಅದೇ ೧೯೨೪ರಲ್ಲಿ, ಅದನ್ನು ಬಿಡಿಸುವ ದಾರಿಯೊಂದು ಅಮೇರಿಕದಿಂದ ಪ್ರಕಟವಾಯಿತು. ಮೇರಿ ಕವರ್ ಜೋನ್ಸ್ ಎಂಬ ವಿದುಷಿಯ ಹತ್ತಿರ ಪೀಟರ್ ಎಂದು ಅವರು ಕರೆದ, ಮೂರು ವರ್ಷವೂ ತುಂಬದ ಹುಡುಗನೊಬ್ಬನಿದ್ದ. ಮೊಲವನ್ನು ಕಂಡರೆ ಅವನಿಗೆ ವಿಪರೀತ ಭಯ. ಅವನನ್ನು ಕುರ್ಚಿಯಲ್ಲಿ ಕೂಡಿಸಿ ಇಷ್ಟವಾದ ತಿಂಡಿ ಕೊಟ್ಟು, ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿಡುತ್ತಿದ್ದರು. ಅವನ ತಿನ್ನುವಿಕೆಗೆ ಭಂಗ ಬಾರದಷ್ಟು ಮಾತ್ರ ಅದನ್ನು ಹತ್ತಿರ ತರುತ್ತಿದ್ದರು. ಕೊನೆಗೊಂದು ದಿನ ಹುಡುಗ ಮೊಲವನ್ನು ಕೈಯಾರೆ ಸವರಿದ. ನಡುವೆ ಒಂದು ವಿಘ್ನವೂ ಬಂದಿತ್ತು. ಹುಡುಗನಿಗೆ ಜ್ವರ ಬಂದು ಆಸ್ಪತ್ರೆ ಸೇರಿ, ಗುಣವಾಗಿ ಹಿಂದಿರುಗುವಾಗ, ಟ್ಯಾಕ್ಸಿಯನ್ನು ಹತ್ತುವ ಹೊತ್ತಿನಲ್ಲಿ ದೊಡ್ಡ ನಾಯಿಯೊಂದು ಮೈಮೇಲೆ ಹಾರಿತು. ಭಯವೆಲ್ಲ ಮೊದಲಿನಂತಾಯಿತು. ತಿಂಡಿಯ ಉಪಾಯವನ್ನು ಅವರು ಕೈಗೊಂಡದ್ದು ಆ ಮೇಲೆಯೇ. ಮುಂದೆ ಜೋಸೆಫ್ ವೋಲ್ಪೆ ಎಂಬ ವೈದ್ಯರು ೧೯೫೮ರ ತಮ್ಮ ಗ್ರಂಥದಲ್ಲಿ ಇದೇ ತತ್ತ್ವವನ್ನು ಮನುಷ್ಯರ ಭಯಗಳ ಚಿಕಿತ್ಸೆಗೆ ಕ್ರಮವಾಗಿ ಅಳವಡಿಸಿದರು.

ಇದರಿಂದ ಎರಡು ಸೂತ್ರಗಳು ಹೊರಡುತ್ತವೆ. ಅಂಜಿಸುವ ವಸ್ತುವನ್ನು ಅಂಜಿಕೆ ಏಳದಷ್ಟು ಸಣ್ಣ ಅಳತೆಯಲ್ಲಿ ತೋರಿಸಬೇಕು. ಅದು ತೋರಿದ ಬೆನ್ನಲ್ಲೇ ಹಿತವಾದದ್ದೇನಾದರೂ ಬರಬೇಕು. ಕ್ರಮ ತಪ್ಪಬಾರದು: ಮೊದಲು ಗಾಡಿ, ಆ ಮೇಲೆ ತಿನಿಸು. ತಿನಿಸನ್ನು ತೋರಿಸಿ ಗಾಡಿಯೊಳಗೆ ಕರೆದು ಫಕ್ಕನೆ ಬಾಗಿಲು ಮುಚ್ಚಿದರೆ ನಾಯಿ ತಿನಿಸಿಗೂ ಅಂಜಲು ಕಲಿಯುತ್ತದೆ. ಆ ಉಪಾಯ ಒಂದೇ ಸಲಕ್ಕೆ ನಡೆಯುತ್ತದೆ.

ಅಂಜಿಕೆ ಎದ್ದಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಬೊಗಳುವವರೆಗೆ, ಕಚ್ಚುವವರೆಗೆ ಕಾಯಬೇಕಾಗಿಲ್ಲ. ನಿದ್ದೆ ಬಾರದೆ ಆಕಳಿಸುವುದು, ತಿನಿಸಿಲ್ಲದೆ ತುಟಿ ನೆಕ್ಕುವುದು, ಸೆಕೆಯಿಲ್ಲದೆ ತೇಕುವುದು, ಕಿವಿಗಳನ್ನು ಹಿಂದಕ್ಕೆ ಒತ್ತುವುದು, ಬಾಲವನ್ನು ಕಾಲ ಸಂದಿಗೆ ಮುದುರುವುದು, ಮುಖವನ್ನು ಆಚೆ ತಿರುಗಿಸಿ ಕಣ್ಣಿನ ಬಿಳುಪನ್ನು ತೋರಿಸುವುದು, ಇವೆಲ್ಲ ಅದರ ಭಾಷೆ. ಎಲ್ಲಕ್ಕಿಂತ ನಂಬಬಹುದಾದ ಗುರುತೆಂದರೆ ಪ್ರಿಯವಾದ ತಿನಿಸನ್ನೂ ಬಿಡುವುದು. ಹಸಿದ ನಾಯಿ ಮೊಟ್ಟೆಯ ಚೂರನ್ನು ಮೂಸಿ ಬಿಟ್ಟಿತೆಂದರೆ ನಾವು ಒಂದು ಹೆಜ್ಜೆ ಮುಂದೆ ಹೋಗಿದ್ದೇವೆಂದೇ ಅರ್ಥ.

ಈಗ ನಾವು ಮಾಡಿದ ಕ್ರಮವನ್ನು ಹೇಳುತ್ತೇನೆ. ಕಾಕಾ ದಿನವೂ ಸಂಜೆ ಕಾರನ್ನು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿ ಹೋಗುತ್ತಿದ್ದರು. ಮೊದಲ ನಾಲ್ಕು ದಿನ ಯಂತ್ರ ನಿಂತಿರುವಾಗ, ಇಪ್ಪತ್ತು ಮಾರು ದೂರದಲ್ಲಿ ಕರಿಯನನ್ನು ಕೂಡಿಸಿ, ಅದು ಕಾರಿನ ಕಡೆಗೆ ನೋಡಿದಾಗಲೆಲ್ಲ ಬೇಯಿಸಿದ ಮೊಟ್ಟೆಯ ಒಂದು ಚೂರು ಕೊಟ್ಟೆ. ಐದು ನಿಮಿಷಕ್ಕಿಂತ ಹೆಚ್ಚಿಲ್ಲ. ದಿನಕ್ಕೆ ಎರಡು ಮೂರು ಮಾರು ಹತ್ತಿರ. ಎಂಟನೆಯ ದಿನ ಗಾಲಿಯನ್ನು ಮೂಸಿತು. ಆ ಮೇಲೆ ಎರಡೂ ಬದಿಯ ಬಾಗಿಲುಗಳನ್ನು ತೆರೆದಿಟ್ಟು, ಅದು ಮಲಗುವ ಹಳೆಯ ಕಂಬಳಿಯನ್ನೇ ಹಿಂದಿನ ಬೆಂಚಿನ ಮೇಲೆ ಹಾಸಿದೆ. ಹತ್ತೆಂದು ಹೇಳಲಿಲ್ಲ. ಮುಂಗಾಲಿಟ್ಟರೆ ಒಂದು ಚೂರು, ಇಳಿದರೆ ಇಳಿಯಲಿ. ಈ ಕಡೆಯಿಂದ ಹತ್ತಿ ಆ ಕಡೆಯಿಂದ ಇಳಿಯಲು ದಾರಿಯಿದೆ ಎಂದು ತಿಳಿದ ಮೇಲೆಯೇ ಅದು ನಿಶ್ಚಿಂತೆಯಿಂದ ಹತ್ತಿತು. ಬಾಗಿಲು ತೆರೆದಿದೆ ಎಂಬ ಭರವಸೆಯೇ ಅದನ್ನು ಒಳಗೆ ನಿಲ್ಲಿಸಿತೆಂದು ನನ್ನ ಎಣಿಕೆ.

ತರುವಾಯ ಒಂದು ಬಾಗಿಲನ್ನು ಮುಚ್ಚಿದೆವು. ಆ ಮೇಲೆ ಎರಡನ್ನೂ ಮುಚ್ಚಿ, ಒಂದು ಚೂರು ಕೊಟ್ಟು, ತೆರೆದೆವು. ಎರಡು ಸೆಕೆಂಡು, ಐದು ಸೆಕೆಂಡು, ಅರ್ಧ ನಿಮಿಷ. ಯಂತ್ರದ ಸದ್ದಿಗೆ ಬೇರೆ ಪಾಠ. ಕರಿಯ ಹೊರಗೆ ದೂರದಲ್ಲಿ ತಿನ್ನುತ್ತಿರುವಾಗ ಕಾಕಾ ಯಂತ್ರವನ್ನು ಚಾಲೂ ಮಾಡಿ ನಿಲ್ಲಿಸುವರು. ಸದ್ದಾದೊಡನೆ ಚೂರು. ನಾಲ್ಕೈದು ದಿನದ ಮೇಲೆ ಒಳಗಿರುವಾಗಲೇ ಚಾಲೂ ಮಾಡಿ, ಗಾಡಿಯನ್ನು ಅಲುಗಿಸದೆ ಆರಿಸಿದರು. ಅನಂತರ ನಮ್ಮ ಮನೆಯಿಂದ ಓಣಿಯ ಬೇವಿನ ಮರದವರೆಗೆ. ಅಷ್ಟೇ ಅದರ ಮೊದಲ ಪ್ರಯಾಣ.

ಮೂರನೆಯ ವಾರದಲ್ಲಿ ನಮಗೂ ಪೀಟರನಿಗಾದಂತೆಯೇ ಆಯಿತು. ಬೇವಿನ ಮರದ ಹತ್ತಿರ ಕಬ್ಬಿನ ಲಾರಿಯೊಂದು ಒಮ್ಮೆಲೆ ಹಾರ್ನ್ ಹೊಡೆಯಿತು. ಕರಿಯ ಬೆಂಚಿನ ಕೆಳಗೆ ತೂರಿಕೊಂಡಿತು. ಮರುದಿನ ಕಾರಿನ ಹತ್ತಿರ ಬರಲಿಲ್ಲ. “ಇಷ್ಟು ದಿನ ಮೊಟ್ಟಿ ತಿನ್ಸಿದ್ದು ದಂಡ ಆತಲ್ಲೋ” ಎಂದು ಅವ್ವ ಅಂದಳು. ದಂಡವಾಗಿರಲಿಲ್ಲ. ಬಾಗಿಲು ತೆರೆದಿಡುವ ಪಾಠಕ್ಕೆ ಹಿಂದಿರುಗಿದೆವು. ಮೊದಲು ಹತ್ತು ದಿನ ಹಿಡಿದದ್ದು ಈ ಸಲ ಮೂರೇ ದಿನದಲ್ಲಿ ಮುಗಿಯಿತು. ಹಿಂದೆ ಸರಿಯುವುದು ಸೋಲೆಂದು ತಿಳಿದು ಬಲವಂತಕ್ಕೆ ಇಳಿದಿದ್ದರೆ ನಿಜವಾಗಿಯೂ ಸೋಲುತ್ತಿದ್ದೆವು.

ನಾಲ್ಕನೆಯ ವಾರದಿಂದ ದಿನ ಬಿಟ್ಟು ದಿನ ಮದಗದ ಕೆರೆಯ ಕಡೆಗೆ ಹೊರಟೆವು. ಅಲ್ಲಿ ಉದ್ದ ಹಗ್ಗದಲ್ಲಿ ಅದನ್ನು ಮನಸ್ವೀ ಓಡಾಡಲು ಬಿಟ್ಟು ಕರೆತರುತ್ತಿದ್ದೆವು. ಗಾಡಿ ಎಂದರೆ ಸೂಜಿ ಎಂದಿದ್ದ ಅದರ ಲೆಕ್ಕದಲ್ಲಿ ಗಾಡಿ ಎಂದರೆ ಕೆರೆ ಎಂದು ಸೇರಿತು. ಸೂಜಿಯ ಒಂದು ಪ್ರಯಾಣಕ್ಕೆ ಕೆರೆಯ ಹತ್ತು ಪ್ರಯಾಣಗಳಾದರೂ ಇರಬೇಕೆಂದು ನಮ್ಮ ವೈದ್ಯರು ಹೇಳಿದ್ದರು.

ಇಲ್ಲಿ ಒಂದು ಸಂದೇಹವನ್ನು ಪರಿಹರಿಸಬೇಕು. ಅಂಜಿದ ನಾಯಿಯನ್ನು ಸವರಿದರೆ ಅಂಜಿಕೆಗೆ ಬಹುಮಾನ ಕೊಟ್ಟಂತಾಗುತ್ತದೆ, ಅದು ಇನ್ನಷ್ಟು ಅಂಜುತ್ತದೆ ಎಂಬ ನಂಬಿಕೆ ಹಿಂದೆ ಬಲವಾಗಿತ್ತು. ಈಗಿನ ತಿಳಿವಳಿಕೆ ಹಾಗಿಲ್ಲ. ಅಂಜಿಕೆ ನಾಯಿ ಬೇಕೆಂದು ಹೂಡುವ ಆಟವಲ್ಲ. ಬಹುಮಾನದಿಂದ ಅದು ಬೆಳೆಯುವುದಿಲ್ಲ. ಮೆಲ್ಲಗೆ ಮಾತಾಡಿಸಿದರೆ, ಅದಕ್ಕೆ ಬೇಕೆನಿಸಿದಲ್ಲಿ ಕೈಯಿಟ್ಟರೆ ಕೆಡುಕಿಲ್ಲ. ಕೆಡುಕಿರುವುದು ಗದರುವುದರಲ್ಲಿ, ಕೊರಳ ಪಟ್ಟಿಯನ್ನು ಜಗ್ಗುವುದರಲ್ಲಿ, ನಾವೇ ಗಾಬರಿಗೊಂಡು ಕೂಗಾಡುವುದರಲ್ಲಿ.

ಎಲ್ಲ ನಾಯಿಗಳಿಗೂ ಒಂದೇ ಗಡುವು ಸಲ್ಲುವುದಿಲ್ಲ. ನಮ್ಮ ನಾಡಿನ ಹೆಮ್ಮೆಯ ಮುಧೋಳ ನಾಯಿಯನ್ನೇ ನೋಡಿರಿ. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಈ ತಳಿಯ ಚಿತ್ರ ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಬಂತು. ೨೦೧೬ರಲ್ಲಿ ಇದರ ಮರಿಗಳು ತರಬೇತಿಗಾಗಿ ಮೀರತ್ತಿನ ಸೈನ್ಯದ ಕೇಂದ್ರಕ್ಕೂ ಹೋದವು. ಓಟದಲ್ಲಿ ಇಷ್ಟು ಧೀರವಾದ ನಾಯಿ ಹೊಸಬರು ಮೈ ಮುಟ್ಟಿದರೆ ಸಹಿಸದಷ್ಟು ಸೂಕ್ಷ್ಮ ಸ್ವಭಾವದ್ದು. ಅಂಥದಕ್ಕೆ ಇನ್ನಷ್ಟು ಸಮಯ ಬೇಕಾದೀತು. ಮರಿಯನ್ನು ಸಾಕುವವರಿಗೆ ಮಾತ್ರ ಕೆಲಸ ಹಗುರ. ಮರಿಯ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಕಾಲ ಹೊಸದನ್ನು ಒಪ್ಪಿಕೊಳ್ಳುವ ಕಾಲವೆಂದು ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ದೀರ್ಘ ಅಭ್ಯಾಸದ ಮೇಲೆ ೧೯೬೫ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಆ ವಾರಗಳಲ್ಲಿ ಮರಿಯನ್ನು ಮಡಿಲ ಹತ್ತಿರ ಇರಿಸಿಕೊಂಡು ನಾಲ್ಕು ಸಲ ಗಾಡಿಯಲ್ಲಿ ಸುತ್ತಿಸಿದರೆ ಮುಂದಿನ ಹತ್ತು ವರ್ಷದ ತಾಪತ್ರಯ ತಪ್ಪುತ್ತದೆ. ನಾವು ಆ ವಾರಗಳಲ್ಲಿ ಕರಿಯನನ್ನು ಗೋಣಿಚೀಲದಲ್ಲಿ ಹಾಕಿದ್ದೆವು.

ಪ್ರಯಾಣದ ದಿನಕ್ಕೆ ಬೇಕಾದ ಕೆಲವು ಮಾತುಗಳು. ಹೊರಡುವ ಮೂರು ನಾಲ್ಕು ತಾಸು ಮೊದಲೇ ಊಟ ಮುಗಿದಿರಬೇಕು, ನೀರು ಕೊಡಬಹುದು. ಹೊರಡುವ ಮುಂಚೆ ಸ್ವಲ್ಪ ನಡೆಸಿ, ಮಲಮೂತ್ರ ಮುಗಿಸಿಸಬೇಕು. ಕುಳಿತುಕೊಳ್ಳುವ ಜಾಗ ಹಿಂದಿನ ಬೆಂಚು. ಗಾಡಿ ಓಡಿಸುವವರ ತೊಡೆಯಲ್ಲ. ಕಟ್ಟುವುದಾದರೆ ಕೊರಳಿಗೆ ಕಟ್ಟದೆ ಎದೆಪಟ್ಟಿಗೆ ಕಟ್ಟಬೇಕು. ಒಮ್ಮೆಲೆ ಬ್ರೇಕು ಹಾಕಿದರೆ ಕೊರಳ ಹಗ್ಗ ಉರುಲಾಗುತ್ತದೆ. ತಲೆಯನ್ನು ಕಿಟಕಿಯ ಹೊರಗೆ ಚಾಚಗೊಡಬಾರದು. ಗಾಜನ್ನು ನಾಲ್ಕು ಬೆರಳು ಇಳಿಸಿದರೆ ಗಾಳಿಗೆ ಸಾಕು. ತಿರುವಿನಲ್ಲಿ ಓಟ ತಗ್ಗಿಸಿದರೆ ಕಿವಿಯೊಳಗಿನ ದ್ರವಕ್ಕೆ ಅಷ್ಟು ಹಿತ. ಎರಡು ತಾಸಿಗೊಮ್ಮೆ ನಿಲ್ಲಿಸಿ ಇಳಿಸಬೇಕು. ಇಳಿಸುವಾಗ ಬಾಗಿಲು ತೆರೆಯುವ ಮೊದಲೇ ಹಗ್ಗ ಕೈಯಲ್ಲಿರಬೇಕು. ಅಂಜಿದ ನಾಯಿ ಕಳೆದುಹೋಗುವುದು ಸಾಮಾನ್ಯವಾಗಿ ಬಾಗಿಲು ತೆರೆದ ಆ ಕ್ಷಣದಲ್ಲಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಬಿಸಿಲು. ನಾಯಿಯ ದೇಹದ ಸಹಜ ಶಾಖವೇ ಸುಮಾರು ೧೦೧ರಿಂದ ೧೦೨.೫ ಡಿಗ್ರಿ ಫ್ಯಾರನ್‌ಹೀಟ್. ನಮ್ಮಂತೆ ಮೈಯೆಲ್ಲ ಬೆವರುವ ಅನುಕೂಲ ಅದಕ್ಕಿಲ್ಲ. ತೇಕಿ ತೇಕಿಯೇ ಶಾಖವನ್ನು ಹೊರಹಾಕಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಒಂದು ತಾಸಿನಲ್ಲಿ ಸರಾಸರಿ ೪೦ ಡಿಗ್ರಿ ಫ್ಯಾರನ್‌ಹೀಟ್ ಶಾಖ ಏರುತ್ತದೆ, ಅದರಲ್ಲಿ ನೂರಕ್ಕೆ ೮೦ ಪಾಲು ಮೊದಲ ಅರ್ಧ ತಾಸಿನಲ್ಲೇ ಏರುತ್ತದೆ, ಕಿಟಕಿಯನ್ನು ಸ್ವಲ್ಪ ತೆರೆದಿಟ್ಟರೂ ಹೆಚ್ಚಿನ ಉಪಯೋಗವಿಲ್ಲ ಎಂದು ಅಮೇರಿಕದ ವೈದ್ಯರು ೨೦೦೫ರಲ್ಲಿ ಅಳೆದು ಪ್ರಕಟಿಸಿದ್ದಾರೆ. ಅವರು ಅಳೆದದ್ದು ಮಕ್ಕಳ ಸಲುವಾಗಿ. ಚಹಾ ಕುಡಿದು ಬರುತ್ತೇನೆಂದು ನಾಯಿಯನ್ನು ಕಾರಿನಲ್ಲಿ ಬಿಟ್ಟುಹೋಗುವವರು ಈ ಅಂಕಿಗಳನ್ನು ನೆನೆಯಬೇಕು. ನಾಯಿ ಬಿಡುವಿಲ್ಲದೆ ತೇಕುತ್ತ, ಒಸಡು ಕೆಂಪೇರಿ, ತೂರಾಡಿದರೆ ಕೂಡಲೇ ನೆರಳಿಗೊಯ್ದು ಮೈಗೆ ತಣ್ಣೀರು ಹೊಯ್ಯುತ್ತ, ಗಾಳಿ ಹಾಕುತ್ತ ವೈದ್ಯರಲ್ಲಿಗೆ ಓಡಬೇಕು.

ಔಷಧಗಳೂ ಇವೆ. ವಾಂತಿಯನ್ನು ತಡೆಯುವವು ಬೇರೆ, ಅಂಜಿಕೆಯನ್ನು ಇಳಿಸುವವು ಬೇರೆ. ಯಾವುದು ಬೇಕೆಂಬುದನ್ನು ವೈದ್ಯರೇ ಗೊತ್ತುಮಾಡಬೇಕು. ಮೈಯನ್ನು ಮಾತ್ರ ಸ್ತಬ್ಧಗೊಳಿಸಿ ಮನಸ್ಸಿನ ಭಯವನ್ನು ಹಾಗೆಯೇ ಉಳಿಸುವ ಮಾತ್ರೆಗಳೂ ಉಂಟು. ಅಂಥದನ್ನು ನುಂಗಿದ ನಾಯಿ ಶಾಂತವಾಗಿ ಕಂಡರೂ ಒಳಗೆ ನಡುಗುತ್ತಿರಬಹುದು. ಮನುಷ್ಯರ ನಿದ್ದೆ ಮಾತ್ರೆ, ನೋವಿನ ಮಾತ್ರೆಗಳನ್ನು ಅಳತೆಯಿಲ್ಲದೆ ಕೊಡುವುದು ಪ್ರಾಣಕ್ಕೆ ಅಪಾಯ. ಬಹುಮಾನವೆಂದು ಚಾಕೊಲೇಟನ್ನೂ ಕೊಡಬಾರದು. ಅದು ನಾಯಿಗೆ ವಿಷ.

ಆರನೆಯ ವಾರದಲ್ಲಿ ಕರಿಯನನ್ನು ಶಿವಮೊಗ್ಗೆಗೆ ಕರೆದೊಯ್ದು, ವೈದ್ಯರ ಕೈಯಿಂದ ಒಂದು ಮೊಟ್ಟೆ ತಿನ್ನಿಸಿ, ಏನೂ ಮಾಡಿಸದೆ ಹಿಂದಿರುಗಿದೆವು. ಇಷ್ಟು ದೂರ ಬರಿಗೈಯಲ್ಲಿ ಹೋಗಿ ಬರುವುದು ಕಾಕಾನಿಗೆ ವಿಚಿತ್ರವೆನಿಸಿತು. ಆದರೆ ಶಸ್ತ್ರಚಿಕಿತ್ಸೆಯ ದಿನ ಆ ಪ್ರಯಾಣದ ಬೆಲೆ ತಿಳಿಯಿತು. ಅರಿವಳಿಕೆಗಾಗಿ ಅಂದು ಮುಂಜಾನೆ ಕರಿಯ ಉಪವಾಸವಿರಬೇಕು. ಒಂದು ಚೂರು ತಿನಿಸನ್ನೂ ಕೊಡುವಂತಿಲ್ಲ. ನನ್ನ ಕೈಯಲ್ಲಿ ಕೊಡಲು ಏನೂ ಇರಲಿಲ್ಲ. ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತೆ. ಅದು ಒಂದು ಸಲ ಆಕಳಿಸಿತು. ನನ್ನ ಮುಖ ನೋಡಿತು. ತಾನಾಗಿ ಹತ್ತಿ ಕಂಬಳಿಯ ಮೇಲೆ ಕುಳಿತಿತು.

ಶಿಕಾರಿಪುರ ದಾಟುವವರೆಗೆ ಆಗಾಗ ತುಟಿ ನೆಕ್ಕುತ್ತಿತ್ತು. ಪೂರ್ಣ ನಿರ್ಭಯವಾಯಿತೆಂದು ಹೇಳಲಾರೆ. ಬಹುಶಃ ಎಂದೂ ಆಗಲಿಕ್ಕಿಲ್ಲ. ಆದರೆ ವಾಂತಿಯಾಗಲಿಲ್ಲ, ಪರಚಲಿಲ್ಲ. ವೈದ್ಯರು ಎದೆಗೆ ಕೊಳವೆಯಿಟ್ಟು ಕೇಳಿ ತಲೆಯಾಡಿಸಿದರು. ಗಂಟನ್ನು ತೆಗೆದರು. ಪರೀಕ್ಷೆಗೆ ಕಳಿಸಿದ ತುಣುಕಿನಲ್ಲಿ ಕೆಟ್ಟದ್ದೇನೂ ಕಾಣಲಿಲ್ಲವೆಂದು ಹತ್ತು ದಿನದ ಮೇಲೆ ತಿಳಿಸಿದರು.

ಆ ಸಂಜೆ ಮಾಸೂರಿಗೆ ಬಂದು ಮುಟ್ಟಿದಾಗ ಕತ್ತಲಾಗಿತ್ತು. ಕಾಕಾ ಯಂತ್ರ ಆರಿಸಿದರು. ನಾನು ಹಗ್ಗ ಹಿಡಿದು ಬಾಗಿಲು ತೆರೆದೆ. ಕರಿಯ ಕಂಬಳಿಯ ಮೇಲೆ ಮೈ ಮುದುರಿ ಮಲಗಿತ್ತು, ಏಳಲಿಲ್ಲ. ಅವ್ವ ಪಡಸಾಲೆಯಿಂದ, “ಕರಿಯಾ, ಮನಿ ಬಂತೋ, ಇಳಿ” ಎಂದು ಕರೆದಳು. ಅದು ಒಂದು ಕಿವಿಯನ್ನು ಮಾತ್ರ ಎತ್ತಿ ಮತ್ತೆ ಮಲಗಿತು. “ಇರಲಿ ಬಿಡೋ, ಅವಸರ ಏನೈತಿ” ಎಂದು ಕಾಕಾ ಬಾಗಿಲನ್ನು ತೆರೆದೇ ಬಿಟ್ಟು ನಮ್ಮ ಕಟ್ಟೆಯ ಮೇಲೆ ಕುಳಿತು ಬೀಡಿ ಹೊತ್ತಿಸಿದರು.